ಗುರ್ರೆಂದದ್ದೇ ತಪ್ಪಾಯಿತೆ?

"ನಮ್ಮ ರೂಬಿಗೆ ತಾನು ತಪ್ಪು ಮಾಡಿದ್ದು ಚೆನ್ನಾಗಿ ಗೊತ್ತಾಗುತ್ತೆ ಕಣ್ರೀ. ನಾನು ಬಾಗಿಲು ತೆಗೆಯೋದೇ ತಡ, ಕಿವಿ ಹಿಂದೆ ಹಾಕ್ಕೊಂಡು, ಬಾಲ ಮುದುರ್ಕೊಂಡು ಮೂಲೆ ಸೇರಿಬಿಡುತ್ತೆ. ಮುಖ ನೋಡಿದ್ರೇ ಹೇಳಬಹುದು, ಏನೋ ಹಾಳು ಮಾಡಿದೆ ಅಂತ."

ಹಿಂದಿನ ಬೀದಿಯ ಗೆಳತಿಯೊಬ್ಬರು ಅರಿಶಿನ ಕುಂಕುಮಕ್ಕೆ ಬಂದಾಗ ಆಡಿದ ಮಾತಿದು. ಅಲ್ಲಿದ್ದ ಐದಾರು ಜನ ಹೌದು ಹೌದೆಂದು ತಲೆದೂಗಿದರು. ಒಬ್ಬರು, ತಾವು ಮದುವೆಗೆಂದು ಮೂರು ದಿನ ಊರಿಗೆ ಹೋಗಿದ್ದಕ್ಕೆ ತಮ್ಮ ನಾಯಿ ಮುನಿಸಿಕೊಂಡು ಊಟ ಬಿಟ್ಟ ಕತೆ ಹೇಳಿದರು. ಇನ್ನೊಬ್ಬರು, ತಮ್ಮ ನಾಯಿ ಸೇಡಿಗಾಗಿಯೇ ತಮ್ಮ ಹೊಸ ಚಪ್ಪಲಿ ಕಚ್ಚಿತೆಂದರು. ತಾಂಬೂಲ ಕೊಟ್ಟು ಕಳಿಸಬೇಕಾದ ಮನೆಯೊಡತಿ ಬಂದವರ ಜೊತೆ ವಾದಕ್ಕೆ ಇಳಿಯಬಾರದು ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವತ್ತು ನುಂಗಿಕೊಂಡ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ಗೆಳತಿಯರು ಕ್ಷಮಿಸಬೇಕು.

ನನ್ನ ತಕರಾರು ಇಷ್ಟೆ. ನಾಯಿ ಸಾಕುವ ನಮ್ಮಲ್ಲಿ ಹೆಚ್ಚಿನವರು ನಾಯಿಯನ್ನು ನೋಡುವುದೇ ಇಲ್ಲ. ಅನ್ನ ಹಾಕುತ್ತೇವೆ, ಮೈ ತೊಳೆಯುತ್ತೇವೆ, ಹೆಸರಿಟ್ಟು ಮುದ್ದು ಮಾಡುತ್ತೇವೆ. ಆದರೆ ಅದರ ಮುಖದಲ್ಲಿ ಏನಿದೆ ಎಂದು ನೋಡುವ ಬದಲು, ನಮಗೆ ಬೇಕಾದ್ದನ್ನು ನಾವೇ ಅಲ್ಲಿ ಬರೆದು ನಾವೇ ಓದಿಕೊಳ್ಳುತ್ತೇವೆ. ಅದು ಹೆದರಿದರೆ 'ತಪ್ಪೊಪ್ಪಿಕೊಂಡಿತು' ಎನ್ನುತ್ತೇವೆ. ಸಂಕಟಪಟ್ಟರೆ 'ನಿದ್ದೆ ಬಂದಿದೆ' ಎನ್ನುತ್ತೇವೆ. ಬೇಡ ಎಂದು ಹೇಳಿದರೆ 'ಸೊಕ್ಕು' ಎನ್ನುತ್ತೇವೆ. ಹೀಗೆ ಓದುವುದರಿಂದ ಕೊನೆಗೆ ಪೆಟ್ಟು ಬೀಳುವುದು ನಾಯಿಗೆ, ಕೆಲವೊಮ್ಮೆ ನಮ್ಮದೇ ಮನೆಯ ಮಗುವಿಗೆ. ಈ ಮಾತನ್ನು ಇಷ್ಟು ಜೋರಾಗಿ ಹೇಳುವ ಅಧಿಕಾರ ನನಗೆ ಹೇಗೆ ಬಂತೆಂದರೆ, ಇದರಲ್ಲಿ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವಳು ನಾನೇ.

ಕೆಂಚ ನಮ್ಮ ಮನೆಗೆ ಬಂದದ್ದು ತೀರ್ಥಹಳ್ಳಿ ಕಡೆಯ ನನ್ನ ತವರಿನಿಂದ, 2020ರಲ್ಲಿ. ನನ್ನ ತಮ್ಮ ಬುಟ್ಟಿಯಲ್ಲಿಟ್ಟು, ಮೇಲೆ ಗೋಣಿಚೀಲ ಮುಚ್ಚಿ, ಕಂಡಕ್ಟರಿಗೆ 'ಕೆಸುವಿನ ಗೆಡ್ಡೆ' ಎಂದು ಹೇಳಿ ಬಸ್ಸಿನಲ್ಲಿ ತಂದಿದ್ದ. ಗೆಡ್ಡೆ ದಾರಿಯಲ್ಲಿ ಎರಡು ಸಲ ಕುಂಯ್ ಎಂದಿತಂತೆ. ಕಂಡಕ್ಟರು ಒಳ್ಳೆಯವನು, ಕೇಳಿಸದಂತೆ ಇದ್ದ. ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಜಾತಿ ನಾಯಿಗಳೇ ಹೆಚ್ಚು. ಅವುಗಳ ನಡುವೆ ಕೆಂಚನೊಬ್ಬನೇ ಊರು ನಾಯಿ.

ಒಂದು ವರ್ಷ ತುಂಬುವ ಹೊತ್ತಿಗೆ ಅವನಿಗೊಂದು ಅಭ್ಯಾಸ ಬಂತು. ತಟ್ಟೆಗೆ ಬಾಯಿ ಹಾಕಿದ್ದಾಗ ಯಾರಾದರೂ ಹತ್ತಿರ ಹೋದರೆ ಗಂಟಲಲ್ಲೇ ಗುರ್ ಎನ್ನುವುದು. ಅವನಿಗೆ ನಾವು ಊಟ ಹಾಕುತ್ತಿದ್ದದ್ದು ಎಲ್ಲಿ ಗೊತ್ತೆ? ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಓಣಿಯಂಥ ಜಾಗದಲ್ಲಿ. ಕೆಲಸದಾಕೆ ಪಾತ್ರೆ ಹೊತ್ತು ಅಲ್ಲೇ ಓಡಾಡಬೇಕು, ನಾನು ಪೊರಕೆ ಹಿಡಿದು ಅಲ್ಲೇ ಬಗ್ಗಬೇಕು. ಉಣ್ಣುವವನ ಎಲೆ ದಾಟಿಕೊಂಡು ನಾಲ್ಕು ಜನ ತಿರುಗಿದರೆ ನಮಗಾದರೂ ಗಂಟಲಲ್ಲಿ ತುತ್ತು ಇಳಿಯುತ್ತದೆಯೆ? ಆದರೆ ಆಗ ನನಗೆ ಈ ಬುದ್ಧಿ ಎಲ್ಲಿತ್ತು? 'ಅನ್ನ ಹಾಕುವ ಕೈಗೇ ಗುರ್ರೆನ್ನುತ್ತೀಯಾ' ಎಂದು ಪೊರಕೆಯ ಹಿಡಿಯಿಂದ ಬಾರಿಸಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಹಾಗೇ ಆಗ್ಬೇಕು. ನಾಯಿಗೆ ಯಜಮಾನ ಯಾರು ಅಂತ ಗೊತ್ತಿರಬೇಕು" ಎಂದರು. ಗುರ್ ಎಂದಾಗಲೆಲ್ಲ ಏಟು. ಮೂರು ತಿಂಗಳಲ್ಲಿ ಗುರ್ ನಿಂತಿತು. ಈಗ ಬುದ್ಧಿ ಬಂತು ನೋಡು ಎಂದು ಬಂದವರೆಲ್ಲ ಮೆಚ್ಚಿದರು. ನಾನೂ ಹಿಗ್ಗಿದೆ.

2022ರ ದೀಪಾವಳಿಗೆ ಅಕ್ಕ, ಭಾವ, ಅವರ ಮಗಳು, ಐದು ವರ್ಷದ ಮೊಮ್ಮಗ ಎಲ್ಲರೂ ಬಂದಿದ್ದರು. ಸಂಜೆಯಿಂದ ಬೀದಿಯಲ್ಲಿ ಪಟಾಕಿ. ನಮ್ಮ ಕಿವಿಗೆ ಸೆಕೆಂಡಿಗೆ ಹೆಚ್ಚೆಂದರೆ 20,000 ಕಂಪನಗಳ ಸದ್ದು ಕೇಳಿಸಿದರೆ ನಾಯಿಯ ಕಿವಿಗೆ 45,000ದ ಆಸುಪಾಸಿನದೂ ಕೇಳಿಸುತ್ತದೆ. ನಮಗೆ ಕೇಳಿಸುವ ಸದ್ದೂ ಅದಕ್ಕೆ ನಮಗಿಂತ ದೂರದಿಂದ ಕೇಳಿಸುತ್ತದೆ. ಆನೆ ಪಟಾಕಿ ಅದಕ್ಕೆ ಹೇಗೆ ಕೇಳಿಸೀತು, ನೀವೇ ಯೋಚಿಸಿ. ಕೆಂಚ ನಡುಕೋಣೆಯ ಮಂಚದ ಕೆಳಗೆ ಸೇರಿದ್ದ. ನಾನು ದೀಪದ ಎಣ್ಣೆಗೆಂದು ಒಳಗೆ ಹೋದಾಗ ಬಗ್ಗಿ ನೋಡಿದೆ. ಒಂದರ ಮೇಲೊಂದು ಆಕಳಿಸುತ್ತಿದ್ದ. ತಿನ್ನಲು ಏನೂ ಇಲ್ಲದಿದ್ದರೂ ನಾಲಗೆಯಿಂದ ಮೂಗು ಸವರಿಕೊಳ್ಳುತ್ತಿದ್ದ. ನನ್ನನ್ನು ನೋಡಿದವನು ಮುಖ ಆಚೆಗೆ ತಿರುಗಿಸಿದ, ಕಣ್ಣು ಮಾತ್ರ ಈಚೆಗಿತ್ತು, ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತಿತ್ತು. 'ಪಾಪ, ನಿದ್ದೆ ಬಂದಿದೆ' ಎಂದು ನಾನು ದೀಪ ಹಚ್ಚಲು ಹೋದೆ.

ಹತ್ತು ನಿಮಿಷಕ್ಕೆ ಮಗು ಮಂಚದ ಕೆಳಗೆ ನುಸುಳಿ ಅವನ ಕೊರಳು ತಬ್ಬಿಕೊಂಡಿತು. ಗುರ್ ಎನ್ನುವ ಸದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಮಗುವಿನ ಚೀರಾಟ ಒಂದೇ. ಎಡಗೆನ್ನೆಯಲ್ಲಿ ಎರಡು ಹಲ್ಲು ಇಳಿದಿದ್ದವು.

ಅಕ್ಕ ಅರಿಶಿನ ಮೆತ್ತಲು ಓಡಿ ಬಂದಳು. ಪುಣ್ಯಕ್ಕೆ ಅವಳ ಮಗಳು ತಡೆದು, ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದಳು. ಅದೇ ಸರಿ. ನಾಯಿ ಕಚ್ಚಿದ ಗಾಯಕ್ಕೆ ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಹಾಕಬಾರದು. ತೊಳೆದು ನೇರ ಆಸ್ಪತ್ರೆಗೆ. ಕೆಂಚನಿಗೆ ಚುಚ್ಚುಮದ್ದು ಆಗಿದ್ದರೂ ಡಾಕ್ಟರು ಗಾಯದ ಸುತ್ತ ಔಷಧಿ ಚುಚ್ಚಿ, ಮಗುವಿಗೆ ರೇಬಿಸ್ ಲಸಿಕೆಯ ಸರಣಿ ಶುರುಮಾಡಿದರು. ಹುಚ್ಚು ಬಂದ ಮೇಲೆ ಮದ್ದಿಲ್ಲ. ಅದಕ್ಕೇ ಬರುವ ಮೊದಲೇ ಚುಚ್ಚುವುದು.

ಮನೆಗೆ ಬಂದ ಭಾವ ಒಂದೇ ಮಾತು ಹೇಳಿದರು: "ನಾಳೆ ಬೆಳಗಾಗುವುದರೊಳಗೆ ಅದು ಈ ಮನೇಲಿ ಇರಬಾರದು." ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಬೆಳಗಿನ ಜಾವ ಮೇರಿ ಬಿಸ್ಕತ್ತು ತೋರಿಸಿ ಕೆಂಚನನ್ನು ಕಾರಿಗೆ ಹತ್ತಿಸಿದವಳು ನಾನೇ. ಕಾರು ಹತ್ತುವಾಗ ಅವನು ಬಾಲ ಅಲ್ಲಾಡಿಸಿದ. ಗಾಜನೂರು ದಾಟಿ, ಕಾಡು ಸಿಗುವ ಕಡೆ ಇಳಿಸಿ ಬಂದರಂತೆ.

ಮೂರನೆಯ ದಿನ ಎರಡನೇ ಚುಚ್ಚುಮದ್ದಿಗೆ ಹೋದಾಗ ಡಾಕ್ಟರು ಕೇಳಿದರು: "ನಾಯಿ ಹೇಗಿದೆ? ಹತ್ತು ದಿನ ಕಣ್ಣಿಟ್ಟು ನೋಡ್ತಿರಿ ಅಂತ ಅವತ್ತೇ ಹೇಳಿದ್ದೆನಲ್ಲ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ಅರ್ಥ. ಕೋಪದ ಭರದಲ್ಲಿ ನಾವು ಆ ಸಮಾಧಾನವನ್ನೂ ಕಾಡಿಗೆ ಬಿಟ್ಟು ಬಂದಿದ್ದೆವು. ಆ ಮೂರು ರಾತ್ರಿ ಅಕ್ಕನ ಮಗಳು ನಿದ್ದೆ ಮಾಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ರಂಗೋಲಿ ಹಾಕಲು ಗೇಟು ತೆಗೆದೆ. ಕೆಂಚ ಮಲಗಿದ್ದ. ಪಾದದ ಚರ್ಮ ಕಿತ್ತು ಬಂದಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲಾರದೆ, ಮಲಗಿದಲ್ಲೇ ಬಾಲದಿಂದ ನೆಲ ಬಡಿದ. ನಾನು ರಂಗೋಲಿ ಬಟ್ಟಲು ಅಲ್ಲೇ ಬಿಟ್ಟು ಕುಸಿದು ಕುಳಿತೆ.

ಅವನ ಕಾಲಿಗೆ ಔಷಧಿ ಕೊಟ್ಟ ಪಶುವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ. ಕತೆಯೆಲ್ಲ ಕೇಳಿ, "ಅಮ್ಮಾ, ಮುಂಚೆ ಗುರ್ ಅಂತಿತ್ತಾ?" ಎಂದಳು. ಅನ್ನುತ್ತಿತ್ತು, ಹೊಡೆದು ಬಿಡಿಸಿದೆವು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕುಕ್ಕರು ಕೂಗುತ್ತೆ ಅಂತ ಅದರ ಬಾಯಿಗೆ ಬಟ್ಟೆ ತುರುಕಿದಿರಿ. ಆಮೇಲೆ ಸಿಡೀತು ಅಂತ ಕುಕ್ಕರನ್ನೇ ಬೈತಿದ್ದೀರಿ."

ಅಂದಿನಿಂದ ನಾನು ನಾಯಿಯನ್ನು ನೋಡಲು ಕಲಿತೆ. ಸಿಕ್ಕಿದ್ದನ್ನು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಗುರ್ ಎನ್ನುವುದು ನಾಯಿಯ ಸೊಕ್ಕಲ್ಲ, ಸೌಜನ್ಯ. 'ನನಗೆ ಕಷ್ಟವಾಗುತ್ತಿದೆ, ದಯವಿಟ್ಟು ದೂರ ನಿಲ್ಲು, ಕಚ್ಚುವ ಗತಿ ತರಬೇಡ' ಎಂದು ಅದಕ್ಕಿರುವ ಭಾಷೆಯಲ್ಲಿ ಅದು ಹೇಳುವ ಮಾತು. ಅದಕ್ಕೂ ಮೊದಲು ಅದು ಇನ್ನೂ ಮೆಲ್ಲಗೆ ಹೇಳಿರುತ್ತದೆ: ಆಕಳಿಕೆ, ಮೂಗು ಸವರಿಕೊಳ್ಳುವುದು, ಮುಖ ತಿರುಗಿಸುವುದು, ಮೈ ಸೆಟೆಸಿ ನಿಲ್ಲುವುದು. ನಾರ್ವೆ ದೇಶದ ತೂರಿದ್ ರೂಗೋಸ್ ಎಂಬ ಮಹಿಳೆ ನಾಯಿಗಳನ್ನು ವರ್ಷಗಟ್ಟಲೆ ನೋಡಿ ಇಂಥ ಸನ್ನೆಗಳ ಬಗ್ಗೆಯೇ ಪುಸ್ತಕ ಬರೆದಿದ್ದಾರೆ. ಅಂದರೆ ಕೆಂಚ ಆ ರಾತ್ರಿ ನನಗೆ ನಾಲ್ಕು ಸಲ ಹೇಳಿದ್ದ. ಐದನೆಯ ಮಾತನ್ನು ಹೇಳದಂತೆ ನಾನೇ ಮೊದಲೇ ಮಾಡಿಟ್ಟಿದ್ದೆ.

ಇನ್ನು ಗೆಳತಿಯವರ ರೂಬಿಯ ತಪ್ಪಿತಸ್ಥ ಮುಖದ ವಿಚಾರ. ಇದನ್ನು ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಧ್ಯಾಪಕಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಹದಿನಾಲ್ಕು ನಾಯಿಗಳು. ಸಾಕಿದವರು ತಿಂಡಿ ತೋರಿಸಿ, ತಿನ್ನಬೇಡ ಎಂದು ಹೇಳಿ ಹೊರಗೆ ಹೋಗಬೇಕು. ವಾಪಸು ಬಂದಾಗ ಅವರಿಗೆ ಕೆಲವು ಸಲ ನಿಜ ಹೇಳಿದರು, ಕೆಲವು ಸಲ ಸುಳ್ಳು ಹೇಳಿದರು. ತಿನ್ನದ ನಾಯಿಯನ್ನೂ ತಿಂದಿತೆಂದು ನಂಬಿ ಬೈದವರುಂಟು. ಕೊನೆಗೆ ತಿಳಿದದ್ದೇನು? ತಪ್ಪಿತಸ್ಥ ಮುಖಕ್ಕೂ ತಪ್ಪಿಗೂ ಸಂಬಂಧವಿಲ್ಲ, ಸಂಬಂಧ ಇರುವುದು ಬೈಗುಳಕ್ಕೆ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳೇ ಹೆಚ್ಚು ಕುಗ್ಗಿದವು. ಅಂದರೆ ಆ ಮುಖ ಹೇಳುವುದು 'ನಾನು ತಪ್ಪು ಮಾಡಿದೆ' ಎಂದಲ್ಲ, 'ನೀನು ಕೋಪದಲ್ಲಿದ್ದೀಯ, ನನಗೆ ಹೆದರಿಕೆ' ಎಂದು. ಬಾಗಿಲು ತೆಗೆದ ಕೂಡಲೆ ರೂಬಿ ಮೂಲೆ ಸೇರುವುದು ಪಶ್ಚಾತ್ತಾಪದಿಂದಲ್ಲ ತಾಯಿ, ಬಾಗಿಲ ಸದ್ದಿನ ಹಿಂದೆ ಏಟು ಬರುತ್ತದೆಂದು ಕಲಿತಿರುವುದರಿಂದ.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಾಗಿರಲಿಲ್ಲ. ಮಹಾಭಾರತದಲ್ಲಿ ನಾಯಿ ಎಂದರೆ ಎಲ್ಲರಿಗೂ ನೆನಪಾಗುವುದು ಕೊನೆಯ ನಾಯಿ, ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದದ್ದು. ಹರಿಕತೆಯಲ್ಲಿ ಕೇಳಿ ಕಣ್ಣೊರೆಸಿಕೊಂಡಿದ್ದೇವೆ. ಆದರೆ ಆದಿಪರ್ವದಲ್ಲೇ ಇನ್ನೊಂದು ನಾಯಿ ಬರುತ್ತದೆ. ಜನಮೇಜಯನ ಯಜ್ಞ ನಡೆಯುವ ಕಡೆ ದೇವಲೋಕದ ನಾಯಿ ಸರಮೆಯ ಮರಿ ಹೋಗುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮಗನಿಗೆ ತಾಯಿ ಮೊದಲು ಹೇಳುವ ಮಾತು, ನೀನೇ ಏನೋ ತಪ್ಪು ಮಾಡಿರಬೇಕು ಎಂದು. ನಾವೂ ಮಕ್ಕಳಿಗೆ ಹಾಗೇ ಹೇಳುತ್ತೇವಲ್ಲ! ಮರಿ ಹೇಳುತ್ತದೆ, ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ಕೂಡ ನೋಡಲಿಲ್ಲ. ಆಗ ಸರಮೆ ನೇರ ಯಜ್ಞಶಾಲೆಗೇ ಹೋಗಿ ಅರಸರನ್ನು ಕೇಳುತ್ತಾಳೆ: ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ? ಅವರು ಉತ್ತರ ಕೊಡುವುದಿಲ್ಲ. ಆಕೆ ಶಪಿಸುತ್ತಾಳೆ, ನಿಮಗೆ ಕಾಣದ ಕಡೆಯಿಂದ ಭಯ ಬರಲಿ ಎಂದು.

ಆ ಶಾಪದ ಅರ್ಥ ನನಗೆ ಆ ದೀಪಾವಳಿಯ ರಾತ್ರಿಯವರೆಗೆ ಆಗಿರಲಿಲ್ಲ. ಗುರ್ ಎನ್ನುವ ನಾಯಿಯ ಭಯ ಕಾಣುತ್ತದೆ, ಕೇಳಿಸುತ್ತದೆ. ಹೊಡೆದು ಬಾಯಿ ಮುಚ್ಚಿಸಿದ ನಾಯಿಯ ಭಯ ಕಾಣುವುದಿಲ್ಲ. ಮಂಚದ ಕೆಳಗಿಂದ ಬರುತ್ತದೆ.

ಇನ್ನು 'ಯಜಮಾನ ಯಾರೆಂದು ತೋರಿಸಬೇಕು' ಎನ್ನುವ ಗಂಡಸರ ಸಿದ್ಧಾಂತ. ಇದರ ಹುಟ್ಟು ಬಹಳ ಜನಕ್ಕೆ ತಿಳಿಯದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಬೋನಿನ ತೋಳಗಳನ್ನು ನೋಡಿ ಬರೆದ ಲೇಖನದಿಂದ ಇದು ಹಬ್ಬಿತು. ಸಂಬಂಧವಿಲ್ಲದ ತೋಳಗಳನ್ನು ತಂದು ಒಂದೇ ಆವರಣದಲ್ಲಿ ಕೂಡಿಟ್ಟರೆ ಕಚ್ಚಾಡದೆ ಇನ್ನೇನು ಮಾಡುತ್ತವೆ? 1970ರಲ್ಲಿ ಡೇವಿಡ್ ಮೆಕ್ ಎಂಬ ಅಮೆರಿಕದ ತೋಳ ತಜ್ಞರ ಪುಸ್ತಕ ಈ ಮಾತನ್ನು ಇನ್ನಷ್ಟು ಹಬ್ಬಿಸಿತು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಾನುಗಟ್ಟಲೆ ನೋಡಿದರು. ಅಲ್ಲಿ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳು ಇರುವ ಒಂದು ಸಂಸಾರ, ಪಟ್ಟಕ್ಕಾಗಿ ಕಾದಾಟವಲ್ಲ ಎಂದು 1999ರಲ್ಲಿ ತಾವೇ ಬರೆದರು. ತಮ್ಮ ಹಳೆಯ ಪುಸ್ತಕದ ಅಚ್ಚು ನಿಲ್ಲಿಸಿರೆಂದು ಪ್ರಕಾಶಕರನ್ನು ಕೇಳಿಕೊಂಡರು. ಬರೆದವರೇ ಹಿಂತೆಗೆದುಕೊಂಡ ಮಾತನ್ನು ನಮ್ಮ ಮನೆಯ ಗಂಡಸರು ಮಾತ್ರ ಬಿಡಲೊಲ್ಲರು. ನಾಯಿಯ ವಿಷಯದಲ್ಲಿ ಮಾತ್ರವೇ ಎಂದು ಕೇಳಿದರೆ ಲೇಖನ ಬೇರೆ ಕಡೆ ಹೋದೀತು.

ಹೋಗಲಿ ಬಿಡಿ, ಒಂದು ನಿಮಿಷ ಹೋಗೋಣ. ನನ್ನ ದೊಡ್ಡಮ್ಮ ಒಬ್ಬರಿದ್ದರು. ತುಂಬಿದ ಮನೆಯ ಹಿರಿಸೊಸೆ. 'ಎಷ್ಟು ಒಳ್ಳೆಯವಳು, ತುಟಿ ಪಿಟಕ್ಕೆನ್ನುವುದಿಲ್ಲ' ಎಂದು ಊರೆಲ್ಲ ಹೊಗಳುತ್ತಿತ್ತು. ಹೊಸದರಲ್ಲಿ ಎರಡು ಮಾತು ಆಡಿದ್ದರಂತೆ. ಆಡಿದ್ದಕ್ಕೆ ಆದದ್ದನ್ನು ನೋಡಿ ನಿಲ್ಲಿಸಿದರಂತೆ. ಅರವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಸೌಟು ಕೆಳಗಿಟ್ಟು, ಉಟ್ಟ ಸೀರೆಯಲ್ಲೇ ತಮ್ಮನ ಮನೆಗೆ ನಡೆದುಬಿಟ್ಟರು. ಮತ್ತೆ ಬರಲಿಲ್ಲ. 'ಏಕಾಏಕಿ ಹೀಗೆ ಮಾಡಿಬಿಟ್ಟಳಲ್ಲ' ಎಂದರು ಎಲ್ಲರೂ. ಮೂವತ್ತೈದು ವರ್ಷದ ಮೌನ ಯಾರಿಗೂ ಕೇಳಿಸಿರಲಿಲ್ಲ. ಹೆಂಗಸನ್ನು ನಾಯಿಗೆ ಹೋಲಿಸಿದಳೆಂದು ಯಾರೂ ಮುನಿಸಿಕೊಳ್ಳಬೇಡಿ. ನಾನು ಹೋಲಿಸುತ್ತಿರುವುದು ಕೇಳಿಸಿಕೊಳ್ಳದವರನ್ನು. ಮೌನವನ್ನು ಒಳ್ಳೆಯತನ ಎಂದು ಓದುವ ಕಣ್ಣು ಎರಡು ಕಡೆಯೂ ಒಂದೇ. ನಮ್ಮನ್ನು ಹಾಗೆ ಓದಿದವರ ಮೇಲೆ ನಮಗೆ ಕೋಪವಿದ್ದರೆ, ನಮ್ಮ ಮನೆಯ ಬಾಯಿಲ್ಲದ ಜೀವವನ್ನು ನಾವೇ ಹಾಗೆ ಓದಬಾರದು.

ಮುದ್ದು ಮಾಡುವವರೂ ನನ್ನ ತಕರಾರಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ನಾಯಿಗೆ ಹುಟ್ಟುಹಬ್ಬ ಮಾಡಿ, ಟೋಪಿ ಹಾಕಿ, ಚಾಕೊಲೇಟಿನ ಕೇಕು ತಿನ್ನಿಸುವವರು ಈಗ ನಮ್ಮ ಊರಿನಲ್ಲೂ ಇದ್ದಾರೆ. ಚಾಕೊಲೇಟು ನಾಯಿಗೆ ವಿಷ. ದ್ರಾಕ್ಷಿ, ಈರುಳ್ಳಿಯೂ ಒಳ್ಳೆಯದಲ್ಲ. ಬಾಲ ಅಲ್ಲಾಡಿಸುತ್ತಿದೆ, ಖುಷಿಯಾಗಿದೆ ಎಂದು ಇವರು ಹೇಳುತ್ತಾರೆ. ಬಾಲ ಅಲ್ಲಾಡಿದ್ದೆಲ್ಲ ಖುಷಿಯಲ್ಲ. ಇಟಲಿಯ ವಿಜ್ಞಾನಿಗಳು ಮೂವತ್ತು ನಾಯಿಗಳ ಬಾಲವನ್ನು ಅಳೆದು 2007ರಲ್ಲಿ ಬರೆದದ್ದಿದೆ. ಸಾಕಿದವರನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಗಡೆಗೆ. ಅಳತೆಪಟ್ಟಿ ಹಿಡಿಯುವುದು ನಮ್ಮ ಕೆಲಸವಲ್ಲ, ಆದರೆ ಮೈಯೆಲ್ಲ ಬಳುಕಿಸಿ ಸಡಿಲವಾಗಿ ಆಡುವ ಬಾಲ ಬೇರೆ, ಮೈ ಕೊರಡಿನಂತೆ ನಿಂತು ಮೇಲಕ್ಕೆತ್ತಿ ಬಿರುಸಾಗಿ ಅದುರುವ ಬಾಲ ಬೇರೆ ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ. ಮದುವೆಯಿಂದ ಬಂದಾಗ ನಾಯಿ ಊಟ ಬಿಟ್ಟಿದ್ದರೆ ಅದು ಮುನಿಸಲ್ಲ. ಒಂಟಿತನವಿರಬಹುದು, ಹೊಟ್ಟೆನೋವಿರಬಹುದು, ಜ್ವರವೂ ಇರಬಹುದು. ಮುನಿಸೆಂದು ನಗುತ್ತ ಕುಳಿತರೆ ಕಾಯಿಲೆ ಬಲಿಯುತ್ತದೆ. ನಾಯಿಗೆ ಮನಸ್ಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. 1872ರಷ್ಟು ಹಿಂದೆಯೇ ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಗಳ ಬಗ್ಗೆ ಪುಸ್ತಕ ಬರೆದು, ಅದರಲ್ಲಿ ನಾಯಿಯ ಚಿತ್ರಗಳನ್ನೂ ಹಾಕಿಸಿದ. ಆದರೆ ಅದಕ್ಕಿರುವುದು ನಾಯಿಯ ಮನಸ್ಸು, ನಮ್ಮ ಮನಸ್ಸಿನ ಚಿಕ್ಕ ನಕಲಲ್ಲ.

ನೋಡುವ ಕಣ್ಣು ನಮ್ಮವರಿಗೆ ಇರಲಿಲ್ಲವೆಂದಲ್ಲ. ನನ್ನ ಅಪ್ಪ ಜಗುಲಿಯಲ್ಲಿ ಕುಳಿತೇ, ನಾಯಿ ಬೊಗಳುವ ಬಗೆಯಿಂದ ತೋಟಕ್ಕೆ ದನ ನುಗ್ಗಿದೆಯೋ, ಹಾವು ಬಂದಿದೆಯೋ, ನೆಂಟರು ಬಂದರೋ ಹೇಳುತ್ತಿದ್ದರು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿಯ ಜೊತೆ ಹುಲಿಯ ಎಂಬ ನಾಯಿ ಒಂದು ಪಾತ್ರವಾಗಿಯೇ ನಡೆಯುತ್ತದೆ. 'ಕರ್ವಾಲೊ'ದಲ್ಲಿ ಕಿವಿ ಎಂಬ ನಾಯಿ ಇದೆ. ಆ ಕಣ್ಣನ್ನು ಕಳೆದುಕೊಂಡದ್ದು ಪೇಟೆಗೆ ಬಂದ ನಾವು. ನಮಗೆ ನಾಯಿ ಎಂದರೆ ಗೇಟಿನ ಬೋರ್ಡು, ಇಲ್ಲವೇ ಫೋಟೋ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ನಾಯಿಯ ಚಿತ್ರದ ಅಂಚೆಚೀಟಿ ತಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ಬೆಳೆದ ಆ ತಳಿಯನ್ನು ನಮ್ಮ ಬಡಾವಣೆಯ ಒಬ್ಬರು ಮೂರಡಿ ಸರಪಳಿಯಲ್ಲಿ ಕಾರಿನ ಪಕ್ಕ ಕಟ್ಟಿದ್ದಾರೆ. ಅದು ದಿನವಿಡೀ ಒಂದೇ ಜಾಗದಲ್ಲಿ ಸುತ್ತುತ್ತದೆ. 'ಬಹಳ ಚುರುಕು' ಎನ್ನುತ್ತಾರೆ ಮನೆಯವರು! ಪ್ರಾಣಿಹಿಂಸೆ ತಡೆಯುವ 1960ರ ಕಾನೂನಿನ 11ನೆಯ ಕಲಮು ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟಿಹಾಕುವುದನ್ನೂ, ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದನ್ನೂ, ಸಾಕಿದ್ದನ್ನು ಎಲ್ಲೋ ಬಿಟ್ಟು ಬರುವುದನ್ನೂ ಅಪರಾಧವೆನ್ನುತ್ತದೆ. ಕೊನೆಯದನ್ನು ಓದಿದಾಗ ನನಗೆ ಗಾಜನೂರು ನೆನಪಾಯಿತು. ನಾನು ಅಪರಾಧಿ.

ಮನುಷ್ಯರಿಗೇ ಗತಿಯಿಲ್ಲದ ದೇಶದಲ್ಲಿ ನಾಯಿಯ ಮನಸ್ಸು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಲು ಹೇಳಿ, 22ರಂದು ಆ ಆದೇಶವನ್ನು ಬದಲಿಸಿದಾಗ ಈ ಮಾತು ಎಲ್ಲ ಕಡೆ ಕೇಳಿಬಂತು. ಒಂದು ಕಡೆಯವರು ಮಕ್ಕಳ ಪರ, ಇನ್ನೊಂದು ಕಡೆಯವರು ನಾಯಿಗಳ ಪರ ಎಂದು ಕಿರುಚಾಡಿದರು. ಬೀದಿನಾಯಿಯ ಸಮಸ್ಯೆ ದೊಡ್ಡದು, ಅದನ್ನು ನಾನಿಲ್ಲಿ ತೀರ್ಮಾನಿಸಲಾರೆ. ಆದರೆ ನಮ್ಮ ಮನೆಯ ಒಳಗೆ ಮಗುವಿನ ಪರ, ನಾಯಿಯ ಪರ ಎಂಬ ಎರಡು ಪಕ್ಷಗಳಿಲ್ಲ. ಅವತ್ತು ಕೆಂಚನ ಮುಖ ನನಗೆ ಓದಲು ಬಂದಿದ್ದರೆ ಮಗುವಿನ ಕೆನ್ನೆಯಲ್ಲಿ ಆ ಗುರುತು ಇರುತ್ತಿರಲಿಲ್ಲ. ಇದಕ್ಕೆ ಕಾಸೂ ಖರ್ಚಿಲ್ಲ.

ಆದ್ದರಿಂದ ಒಂದು ನಾಲ್ಕು ಮಾತು. ಉಣ್ಣುವ ನಾಯಿಯ ತಟ್ಟೆಗೆ, ಮಲಗಿದ ನಾಯಿಯ ಮೈಗೆ, ಅಡಗಿದ ನಾಯಿಯ ಮೂಲೆಗೆ ಮಕ್ಕಳನ್ನು ಬಿಡಬೇಡಿ. ತಬ್ಬಿಕೊಳ್ಳುವುದು ನಮ್ಮ ಪ್ರೀತಿ, ಎಷ್ಟೋ ನಾಯಿಗಳಿಗೆ ಅದು ಉಸಿರುಕಟ್ಟು. ದಿನಕ್ಕೆ ಎರಡು ಸಲ ಬಿಚ್ಚಿ ನಡೆಸಿ, ಮೂಸಲು ಬಿಡಿ. ಮೂಸುವುದು ಅದಕ್ಕೆ ಪೇಪರು ಓದಿದ ಹಾಗೆ. ವರ್ಷಕ್ಕೊಮ್ಮೆ ರೇಬಿಸ್ ಚುಚ್ಚುಮದ್ದು ತಪ್ಪಿಸಬೇಡಿ. ಇದ್ದಕ್ಕಿದ್ದಂತೆ ಸಿಡುಕುವ ನಾಯಿಯನ್ನು ಹೊಡೆಯುವ ಮೊದಲು ಡಾಕ್ಟರಿಗೆ ತೋರಿಸಿ, ಕಿವಿ ಹುಣ್ಣಾಗಿರಬಹುದು, ಹಲ್ಲು ಹುಳುಕಾಗಿರಬಹುದು. ಮತ್ತು ಅದು ಗುರ್ ಎಂದರೆ, ನಿಲ್ಲಿ. ಒಂದು ಹೆಜ್ಜೆ ಹಿಂದಕ್ಕೆ ಇಡಿ. ಆಮೇಲೆ ಯೋಚಿಸಿ, ಏಕೆ ಎಂದಿತು ಎಂದು.

ಕೆಂಚನ ಊಟದ ತಟ್ಟೆಯನ್ನು ಹಿತ್ತಿಲ ಒಗೆಯುವ ಕಲ್ಲಿನ ಆಚೆ, ಯಾರೂ ಓಡಾಡದ ಕಡೆಗೆ ಒಯ್ದೆ. ಅವನು ಉಣ್ಣುವಾಗ ದೂರದಿಂದಲೇ ಒಂದು ತುಂಡು ಚಪಾತಿ ಎಸೆದು ನನ್ನ ಪಾಡಿಗೆ ಹೋಗುತ್ತಿದ್ದೆ. ಪೊರಕೆ ಕಂಡರೆ ನಡುಗುತ್ತಿದ್ದವನು ನಡುಗುವುದನ್ನು ಬಿಡಲು ತಿಂಗಳುಗಳೇ ಬೇಕಾದವು. ಗುರ್ ಮಾತ್ರ ಮರಳಿ ಬಂದಿರಲಿಲ್ಲ.

2023ರ ಮಳೆಗಾಲದಲ್ಲಿ ಒಂದು ಸಂಜೆ ಭಾವ ಬಂದಿದ್ದರು. ಕೆಂಚ ಜಗುಲಿಯಲ್ಲಿ ನಿದ್ದೆ ಮಾಡುತ್ತಿದ್ದ. ಅವನನ್ನು ದಾಟುವಾಗ ಭಾವ ಕಾಲಿನಿಂದ ಮೆಲ್ಲಗೆ ತಿವಿದು, "ಏಳೋ ಆಚೆ" ಎಂದರು. ಕೆಂಚ ಕಣ್ಣು ಬಿಟ್ಟು ಗಂಟಲಲ್ಲೇ ಗುರ್ ಎಂದ. ಎಂಟು ತಿಂಗಳ ಮೇಲೆ ಮೊದಲ ಸಲ. ಭಾವ ಚಪ್ಪಲಿ ಕೈಗೆ ತೆಗೆದುಕೊಂಡರು. ಅವರೆದುರು ನಿಂತು ಮಾತಾಡಿದವಳಲ್ಲ ನಾನು. ಆವತ್ತು ನಡುವೆ ಹೋಗಿ ನಿಂತೆ. "ಹೊಡೀಬೇಡಿ ಭಾವ. ಅದು ಹೇಳ್ತಾ ಇದೆ. ಹೇಳಲಿ" ಎಂದೆ. ಭಾವ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಚಪ್ಪಲಿ ಕೆಳಗೆ ಹಾಕಿ, ಸುತ್ತಿಕೊಂಡು ಒಳಗೆ ಹೋದರು. ಕೆಂಚ ಮತ್ತೆ ಮೂತಿಯನ್ನು ಮುಂಗಾಲ ಮೇಲಿಟ್ಟು ಕಣ್ಣು ಮುಚ್ಚಿದ.

ಅಕ್ಕನ ಮೊಮ್ಮಗ ಈಗಲೂ ರಜಕ್ಕೆ ಬರುತ್ತಾನೆ. ಕೆನ್ನೆಯ ಗುರುತು ಸಣ್ಣಗಾಗಿದೆ. ಗೇಟಿನ ಒಳಗೆ ಬಂದವನು ನಾಲ್ಕು ಮಾರು ದೂರದಲ್ಲೇ ನಿಂತು, "ಕೆಂಚಾ, ಬರಲಾ?" ಎಂದು ಕೇಳುತ್ತಾನೆ. ಕೆಂಚ ಎದ್ದು ಮೈ ಬಳುಕಿಸುತ್ತ ತಾನೇ ಹತ್ತಿರ ಹೋದರೆ ಸರಿ. ಮುಖ ತಿರುಗಿಸಿ ಮಲಗಿದರೆ, "ಚಿಕ್ಕಜ್ಜೀ, ಇವನಿಗೆ ಈಗ ಬೇಡವಂತೆ" ಎಂದು ಹೇಳಿ ಒಳಗೆ ಬರುತ್ತಾನೆ.